ಗೋಲ್ಕೊಂಡದ ಮೂರು ಚಪ್ಪಾಳೆ

ಬೆಳಗಿನ ಐದೂವರೆ. ಗೋಲ್ಕೊಂಡ ಕೋಟೆಯ ಹೊರಗೋಡೆಗೆ ಆತುಕೊಂಡ ತಗಡಿನ ಶೆಡ್ಡಿನ ಮುಂದೆ ಸಾಬಣ್ಣ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿ ಅದ್ದಿಕೊಂಡಿದ್ದಾರೆ. ನೀರಿಗೆ ಉಪ್ಪು ಹಾಕಿದೆ. ಅಂಗೈ ಸೀಳಿದಲ್ಲೆಲ್ಲ ಉರಿಯುತ್ತದೆ, ಹಲ್ಲು ಕಚ್ಚಿ ಸಹಿಸುತ್ತಾರೆ. ಹತ್ತು ನಿಮಿಷದ ನಂತರ ಕೈ ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಒಲೆಯ ಬೆಂಕಿಗೆ ಹಿಡಿದು, ಒಂದು ಚಪ್ಪಾಳೆ ತಟ್ಟಿ ಕಿವಿಗೊಟ್ಟು ಕೇಳುತ್ತಾರೆ. ಸಮಾಧಾನವಾದಂತೆ ಕಾಣುವುದಿಲ್ಲ. ಇನ್ನೊಂದು ತಟ್ಟುತ್ತಾರೆ. ನೋಡಿದವರಿಗೆ ಭಜನೆಯ ತಾಲೀಮು ಅನ್ನಿಸಬೇಕು. ಸಾಬಣ್ಣನವರಿಗೆ ಇದೇ ಹೊಟ್ಟೆಪಾಡು.

ಈ ಗುಡ್ಡ ಹತ್ತಿ ಹೈದರಾಬಾದನ್ನು ಕಾಲ ಕೆಳಗೆ ಕಂಡುಬಂದವರಿಗೆಲ್ಲ ಆ ಸಂಗತಿ ಗೊತ್ತು: ಬುಡದ ಬಾಲಾ ಹಿಸಾರ್ ದರವಾಜೆಯ ಗುಮ್ಮಟದಡಿ ಚಪ್ಪಾಳೆ ತಟ್ಟಿದರೆ ತುದಿಯ ಬಾರಾದರಿ ಮಂಟಪದಲ್ಲಿ ಕೇಳಿಸುತ್ತದೆ. ಸುಲ್ತಾನರ ಕಾಲದ ಕಾವಲಿನ ಉಪಾಯವಂತೆ. ಇದನ್ನು ಹೇಳದ ಗೈಡಿಲ್ಲ, ಕೇಳಿ ಹುಬ್ಬೇರಿಸದ ಪ್ರವಾಸಿಯಿಲ್ಲ. ಆದರೆ ಗೈಡು ನಿಮ್ಮ ಜೊತೆ ಮೇಲಿರುವಾಗ ಕೆಳಗೆ ತಟ್ಟುವವರು ಯಾರು ಎಂದು ಎಂದಾದರೂ ಯೋಚಿಸಿದ್ದೀರಾ? ನಾನೂ ಯೋಚಿಸಿರಲಿಲ್ಲ, ಮೂರು ಸಲ ಈ ಗುಡ್ಡ ಹತ್ತಿದ್ದೇನೆ.

ನಾಲ್ಕು ವರ್ಷದಿಂದ ಆ ಕೆಲಸ ಸಾಬಣ್ಣನವರದು. ವೆಂಕಟೇಶ ಎಂಬ ಗೈಡು ತನ್ನ ಹಳೆಯ ಮೊಬೈಲನ್ನು ಅವರ ಜೇಬಿಗೆ ಹಾಕಿದ್ದಾನೆ. ಮೇಲಿಂದ ಅವನದಾಗಲಿ, ಬೇರೆ ಗೈಡುಗಳದಾಗಲಿ ಮಿಸ್ಡ್ ಕಾಲ್ ಬಂದರೆ ಮೂರು ಚಪ್ಪಾಳೆ. ಮಾಮೂಲು ದಿನಗಳಲ್ಲಿ ನಲವತ್ತು ಸಲ ಫೋನು ನಡುಗುತ್ತದೆ. ಶನಿವಾರ, ಭಾನುವಾರ ಗಚ್ಚಿಬೌಲಿಯ ಕಂಪನಿಗಳು ತಮ್ಮ ಹುಡುಗ ಹುಡುಗಿಯರನ್ನು ಬಸ್ಸು ತುಂಬಿ ವಿಹಾರಕ್ಕೆ ಕಳಿಸುವುದರಿಂದ ನೂರು ದಾಟುತ್ತದೆ. ಅಂದರೆ ಮುನ್ನೂರು ಚಪ್ಪಾಳೆ. ನೀವು ಮನೆಯಲ್ಲಿ ಕೂತು ಮುನ್ನೂರು ತಟ್ಟಿ ನೋಡಿ, ಮಾರನೆಯ ದಿನ ತುತ್ತು ಕಲಸಲು ಆಗುವುದಿಲ್ಲ.

ಗುಮ್ಮಟದಡಿ ಎಲ್ಲೆಂದರಲ್ಲಿ ನಿಂತರೆ ನಡೆಯುವುದಿಲ್ಲ ಎನ್ನುತ್ತಾರೆ. ನಡುವಿನ ಒಂದು ಚಪ್ಪಡಿ ಅವರದು. ಅಲ್ಲಿಂದ ಎರಡು ಗೇಣು ಸರಿದರೂ ಸದ್ದು ಗೋಡೆಗೆ ಬಡಿದು ಬಿದ್ದುಹೋಗುತ್ತದಂತೆ. ಮಳೆಗಾಲದಲ್ಲಿ ಹೆಚ್ಚು ಜೋರು ಬೇಕು. ಕಲಿಸಿದವರು ಯಾರೂ ಇಲ್ಲ. ಸಣ್ಣವರಿದ್ದಾಗ ತಮ್ಮೂರು ಸೈದಾಪುರದ ಹತ್ತಿರ ಜೋಳದ ಹೊಲದ ಮಂಚಿಗೆಯ ಮೇಲೆ ನಿಂತು, ತೆನೆಗೆ ಬರುವ ಹಕ್ಕಿಗಳನ್ನು ಬರೀ ಕೈಯಿಂದ ಎಬ್ಬಿಸುತ್ತಿದ್ದರು.

"ಅಂಗೈ ಸಪಾಟ ಇಟ್ರ ಸಪ್ಪಳ ಅಲ್ಲೇ ಸಾಯ್ತೈತ್ರಿ. ಬೊಗಸಿ ಮಾಡಿ ನಡುವ ಗಾಳಿ ಹಿಡೀಬೇಕು. ಮೊದಲ್ನೇದು ಮ್ಯಾಲಿನವ್ರ ಮಾತು ನಿಲ್ಲಸಾಕ, ಎರಡ್ನೇದು ಕಿವಿ ತಿರಗಸಾಕ, ಮೂರ್ನೇದು ಕೇಳಾಕ" ಎಂದು ವಿವರಿಸುವಾಗ ಅವರ ಬೆನ್ನು ನೆಟ್ಟಗಾಗುತ್ತದೆ.

ತೊಂಬತ್ತೊಂಬತ್ತರಲ್ಲಿ ಹೆಂಡತಿ ಗದಿಗೆಮ್ಮನ ಜೊತೆ ಗಚ್ಚಿಬೌಲಿಗೆ ಬಂದರು. ಅಲ್ಲಿ ಬಂಡೆ ಒಡೆದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಇವರು ಸಿಮೆಂಟ್ ಕಲಸಿದರು, ಆಕೆ ಬುಟ್ಟಿ ಹೊತ್ತರು. ನಾಲ್ಕು ವರ್ಷಕ್ಕೆ ಇವರ ಅಂಗೈಯ ಚರ್ಮ ಒಣಗಿ ಬಿರಿಯಿತು. ಬಂಡೆ ಕೊರೆಯುವ ಯಂತ್ರದ ಪಕ್ಕದಲ್ಲೇ ದಿನವಿಡೀ ಓಡಾಡಿದ ಆಕೆಯ ಕಿವಿ ಹೋಯಿತು. ಹೋದದ್ದು ಮೊದಲು ಗೊತ್ತೂ ಆಗಲಿಲ್ಲ. ಕರೆದರೆ ತಿರುಗುವುದಿಲ್ಲ, ಕೊಬ್ಬು ಎಂದು ಮೇಸ್ತ್ರಿ ಬೈದನಂತೆ. ಕಿವಿ ಕೇಳದವಳಿಗೆ ಬೈಗುಳವೂ ಮುಟ್ಟಲಿಲ್ಲ ಎಂದು ಸಾಬಣ್ಣ ನಗುತ್ತಾರೆ. ನನಗೆ ನಗು ಬರಲಿಲ್ಲ.

"ಇನ್ನೊಮ್ಮೆ ಸಿಮೆಂಟ್ ಮುಟ್ಟಿದಿ ಅಂದ್ರ ಕೈಯ ಆಸೆ ಬಿಡು ಅಂದ್ರು ಡಾಕ್ಟರ್. ಮತ್ತ ನನಗ ಬ್ಯಾರೆ ಏನ್ ಬರ್ತೈತ್ರಿ?"

ಬರುತ್ತಿದ್ದದ್ದು ಚಪ್ಪಾಳೆ. ಒಂದು ರಜೆಯ ದಿನ ಕೋಟೆ ನೋಡಲು ಬಂದು, ಎಲ್ಲರಂತೆ ಗುಮ್ಮಟದಡಿ ತಟ್ಟಿದರು. ಯಾರಪ್ಪಾ ಅದು ಎಂದು ಹುಡುಕಿಕೊಂಡು ವೆಂಕಟೇಶ ಕೆಳಗಿಳಿದು ಬಂದ. ಅಂದಿನಿಂದ ಇವರಿಗೆ ಕೆಳಗೆ ಕೆಲಸ, ಅವನದೇ ಮಾತಿನ ಮೇಲೆ ಗದಿಗೆಮ್ಮನಿಗೆ ತುದಿಯಲ್ಲಿ ಖಾಲಿ ಬಾಟಲಿ ಆರಿಸುವ ಕೆಲಸ. ಗಂಡ ತಟ್ಟುತ್ತಾನೆ, ನೂರಾರು ಜನ ಕೇಳುತ್ತಾರೆ, ಅಲ್ಲೇ ನಿಂತ ಹೆಂಡತಿಗೆ ಮಾತ್ರ ಕೇಳುವುದಿಲ್ಲ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತಿದೆ, ಯಾರ ಮೇಲೆಂದು ಗೊತ್ತಾಗುತ್ತಿಲ್ಲ.

ಈಗ ಆ ಕೆಲಸಕ್ಕೂ ಸಂಚಕಾರ ಬಂದಿದೆ. ಮೂರು ತಿಂಗಳಿಂದ ಬಲಗೈ ಊದಿಕೊಂಡಿದೆ, ಬೆರಳು ಪೂರ್ತಿ ಕೂಡುವುದಿಲ್ಲ. ಸದ್ದು ಕಮ್ಮಿ ಬರುತ್ತಿದೆ ಎಂದು ವೆಂಕಟೇಶ ದಿನಾ ಹೇಳುತ್ತಾನೆ. ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದೂ ಹೇಳಿದ್ದಾನೆ. ಇವರು ಹೋದರೆ ಆಕೆಯೂ ಹೋಗಬೇಕು. ಹೋಗುವುದಾದರೂ ಎಲ್ಲಿಗೆ, ಮತ್ತೆ ಸಿಮೆಂಟಿಗೇ. ಹಾಗಾಗಿ ಮೇಲಕ್ಕೆ ಮುಟ್ಟುತ್ತಿದೆಯೋ ಇಲ್ಲವೋ ಎಂಬುದೊಂದೇ ಅವರ ಚಿಂತೆ. ಸಂಜೆ ಗದಿಗೆಮ್ಮ ಇಳಿದು ಬಂದ ಕೂಡಲೇ ಕೈಸನ್ನೆಯಲ್ಲಿ ಕೇಳುವುದು ಅದನ್ನೇ. ಬಂತು, ಚಲೋ ಬಂತು ಎಂದು ಆಕೆ ತಪ್ಪದೆ ಹೇಳುತ್ತಾರೆ.

ನೀವು ಮ್ಯಾಲೆ ಹೋಗಿ ಕೇಳಿ ಬರ್ರಿ ಎಂದು ನನ್ನನ್ನು ಕಳಿಸಿದವರು ಸಾಬಣ್ಣನವರೇ. ಗೇಟು ತೆರೆದ ಕೂಡಲೇ ವೆಂಕಟೇಶನ ಮೊದಲ ತಂಡದ ಜೊತೆ ನಾನೂ ಹತ್ತುತ್ತೇನೆ. ಮೈಸೂರು, ಮಂಗಳೂರು ಕಡೆಯ ಹನ್ನೆರಡು ಮಂದಿ, ಎಲ್ಲರೂ ಒಂದೇ ಕಂಪನಿಯವರು. ಮುನ್ನೂರ ಅರವತ್ತು ಚಿಲ್ಲರೆ ಮೆಟ್ಟಿಲು ಮುಗಿಯುವಷ್ಟರಲ್ಲಿ ನನ್ನ ಉಸಿರು ಮೇಲೆ ಕೆಳಗೆ. ತುದಿಯಲ್ಲಿ ಗಾಳಿ ಜೋರಾಗಿದೆ. ಪೂರ್ವಿ ಎಂಬ ಹುಡುಗಿ ಪಡುವಣಕ್ಕೆ ಕೈಚಾಚಿ, ದೂರದಲ್ಲಿ ಹೊಳೆಯುವ ಕಟ್ಟಡಗಳಲ್ಲಿ ತನ್ನ ಆಫೀಸಿನ ಮಹಡಿ ಯಾವುದೆಂದು ಗೆಳತಿಗೆ ತೋರಿಸುತ್ತಿದ್ದಾಳೆ. ಅಂಥದೇ ಒಂದರ ಪಾಯದಲ್ಲಿ ಕಿವಿ ಕಳೆದುಕೊಂಡ ಗದಿಗೆಮ್ಮ ಗೋಣಿಚೀಲ ಹಿಡಿದು ಅವಳ ಬಾಟಲಿ ಖಾಲಿಯಾಗುವುದನ್ನು ಕಾಯುತ್ತಿದ್ದಾರೆ. ಪೂರ್ವಿ ಕೆಟ್ಟವಳಲ್ಲ. ಉಳಿದ ನೀರನ್ನು ಗಟಗಟ ಕುಡಿದು, ಬಾಟಲಿಯನ್ನು ಆಕೆಯ ಕೈಗೇ ಕೊಟ್ಟು ನಗುತ್ತಾಳೆ.

ಗಂಡನ ಸದ್ದು ಬಂತೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ಗದಿಗೆಮ್ಮನಿಗೆ ಸನ್ನೆ ಮಾಡಿ ಕೇಳುತ್ತೇನೆ. ತನ್ನ ದನಿ ತನಗೇ ಕೇಳದ ಆಕೆ ಗಟ್ಟಿಯಾಗಿ ಉತ್ತರಿಸುತ್ತಾರೆ: "ಮಂದಿ ಮಾರಿ ನೋಡ್ತೀನ್ರಿ. ಮಾರಿ ಅರಳ್ತಂದ್ರ ಬಂತು ಅಂತ."

ವೆಂಕಟೇಶ ಎಲ್ಲರನ್ನೂ ಸುಮ್ಮನಾಗಿಸಿ ಫೋನು ಒತ್ತುತ್ತಾನೆ. ನಾನು ಉಸಿರು ಬಿಗಿಹಿಡಿದು ಕಿವಿ ನಿಮಿರಿಸುತ್ತೇನೆ. ಗಾಳಿ, ಎಲ್ಲೋ ಒಂದು ಕಾಗೆ, ಅಷ್ಟೇ. ಕೇಳಿಸಿತಲ್ಲ ಎಂದು ಅವನು ಹಿಂದಿಯಲ್ಲಿ ಕೇಳುತ್ತಾನೆ. ಒಬ್ಬ ತಲೆಯಾಡಿಸುತ್ತಾನೆ. ಅವನನ್ನು ನೋಡಿ ಇನ್ನೊಬ್ಬ. ಮೂರೂ ಸ್ಪಷ್ಟವಾಗಿ ಕೇಳಿತು ಎನ್ನುತ್ತಾಳೆ ಪೂರ್ವಿ. ಹನ್ನೆರಡೂ ಮುಖ ಅರಳುತ್ತವೆ. ಗದಿಗೆಮ್ಮ ನನ್ನ ಕಡೆ ನೋಡಿ, ಬಂತಲ್ಲ ಎಂಬಂತೆ ತಲೆಯಾಡಿಸುತ್ತಾರೆ. ನಾನೂ ತಲೆಯಾಡಿಸುತ್ತೇನೆ. ಆ ಕೈ ಮುಗಿದೇಹೋಯಿತು ಎಂದುಕೊಳ್ಳುತ್ತೇನೆ.

ನಾವು ಇಳಿದು ಬಂದಾಗ ಸಾಬಣ್ಣ ತಮ್ಮ ಚಪ್ಪಡಿಯ ಮೇಲೆ ನಿಂತಿದ್ದಾರೆ. ಇವತ್ತೂ ಸ್ವಲ್ಪ ಕಮ್ಮಿಯೇ ಬಂತು ಎಂದು ವೆಂಕಟೇಶ ನಡೆಯುತ್ತಲೇ ಹೇಳಿ, ಮುಂದಿನ ತಂಡದ ಕಡೆ ಹೋಗುತ್ತಾನೆ. ಸಾಬಣ್ಣ ನನ್ನ ಮುಖವನ್ನೇ ನೋಡುತ್ತಾರೆ.

"ನಿಮಗ ಕೇಳಸ್ತೇನ್ರಿ?"

ಕೇಳಿಸಿತು ಎನ್ನುತ್ತೇನೆ. ಸಾಲದ್ದಕ್ಕೆ, ಮೂರೂ ಚೆನ್ನಾಗಿ ಕೇಳಿಸಿತು ಎಂದೂ ಸೇರಿಸುತ್ತೇನೆ. ಇಪ್ಪತ್ತು ವರ್ಷ ಪೇಪರಿಗೆ ಬರೆದವನಿಗೆ ಕನಿಕರದ ಸುಳ್ಳು ಹೇಳುವುದು ಕಷ್ಟವೇನಲ್ಲ.

ಅವರು ಜೇಬಿನ ಫೋನು ತೆಗೆದು ನೋಡಿ, ಮತ್ತೆ ಒಳಗಿಡುತ್ತಾರೆ.

"ಈ ಸಲ ನಾ ಹೊಡೀಲೇ ಇಲ್ರಿ."

ಫೋನು ನಡುಗಿದಾಗ ಕೈ ಎತ್ತಿದ್ದರಂತೆ, ಹಾಗೆಯೇ ಇಳಿಸಿಬಿಟ್ಟರಂತೆ. ಕಮ್ಮಿ, ಕಮ್ಮಿ ಎಂದು ಮೂರು ತಿಂಗಳಿಂದ ಕೇಳಿ ಸಾಕಾಗಿತ್ತು. ಮೇಲೆ ಒಬ್ಬರಾದರೂ ಕೇಳುವವರು ಇದ್ದಾರೆಯೇ ಎಂದು ತಿಳಿಯಬೇಕಿತ್ತು. ಪೇಪರಿನವರು ಖರೇ ಹೇಳುತ್ತಾರೆ ಎಂದು ನಂಬಿದ್ದರು. ನನಗೆ ತಲೆ ಎತ್ತಲಾಗುವುದಿಲ್ಲ. ಅವರಿಗೆ ಮಾತ್ರ ನನ್ನ ಮೇಲೆ ಸಿಟ್ಟಿಲ್ಲ. ಬಿಡ್ರಿ, ಎಲ್ಲಾರೂ ಹಂಗೇ ಎನ್ನುತ್ತಾರೆ. ಗದಿಗೆಮ್ಮನಿಗೆ ಇದನ್ನು ಹೇಳಬೇಡಿ ಎಂದು ಕೇಳಿಕೊಳ್ಳುತ್ತಾರೆ, ದಿನಾ ಸಂಜೆ ಬಂತು ಎಂದು ಹೇಳುವುದರಲ್ಲಿ ಆಕೆಗೊಂದು ಖುಷಿ ಇದೆಯಂತೆ.

ಜೇಬಿನಲ್ಲಿ ಫೋನು ಮತ್ತೆ ನಡುಗುತ್ತದೆ, ಇನ್ಯಾವುದೋ ಗೈಡಿನ ತಂಡ ತುದಿ ಮುಟ್ಟಿದೆ. ಸಾಬಣ್ಣ ಊದಿದ ಬೆರಳುಗಳನ್ನು ಎಡಗೈಯಿಂದ ಒತ್ತಿ ಕೂಡಿಸಿ, ಬೊಗಸೆ ಮಾಡಿ, ಮೂರು ಸಲ ತಟ್ಟುತ್ತಾರೆ. ನೋವಿಗೆ ಮುಖ ಕಿವುಚುತ್ತಾರೆ. ಆಮೇಲೆ ನನ್ನ ಕಡೆ ತಿರುಗುತ್ತಾರೆ.

"ಆಗ ನಾ ಹೊಡದಿದ್ರ ನಿಮಗ ಕೇಳಸ್ತಿತ್ತುರಿ. ಸುಳ್ಳು ಹೇಳೂದು ಬೀಳ್ತಿರ್ಲಿಲ್ಲ."