ಬಾನೆಟ್ ಮೇಲಿನ ಮುರುಗಲು

ನನಗೊಂದು ನೋಟೀಸು ಬಂದಿದೆ. ಕೋರ್ಟಿನಿಂದಲ್ಲ, ಗಾಬರಿಯಾಗಬೇಡಿ. ನಮ್ಮದೇ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ನಿನಿಂದ. ನನ್ನ ಅಪರಾಧ, ಕಾರಿನ ಬಾನೆಟ್ ಮೇಲೆ ಮುರುಗಲು ಸಿಪ್ಪೆ ಒಣಗಿಸಿದ್ದು.

ಹೌದು, ಒಣಗಿಸಿದ್ದೇನೆ. ಮುಂದಿನ ವರ್ಷವೂ ಒಣಗಿಸುತ್ತೇನೆ. ನೋಟೀಸಿನಲ್ಲಿ ಇನ್ನೊಂದು ಆಜ್ಞೆಯೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ತಮಾಷೆ ಏನೆಂದರೆ, ಅದೇ ವಾರ ಈ ಅಂಕಣದ ಸಂಪಾದಕರು ಫೋನ್ ಮಾಡಿದ್ದರು. "ಮೇಡಂ, ಈ ಸಲ ಮನೆಯಲ್ಲಿ ದುಡ್ಡು ಉಳಿಸೋದು ಹೇಗೆ ಅಂತ ಬರೀರಿ. ಸಿಂಪಲ್ ಟಿಪ್ಸ್ ಸಾಕು."

ಟಿಪ್ಸ್ ಅಂದರೆ ನಿಮಗೆ ಗೊತ್ತೇ ಇದೆ. ಫ್ಯಾನ್ ಆಫ್ ಮಾಡಿ. ನಲ್ಲಿ ಬಿಗಿ ಮಾಡಿ. ಹೊಟ್ಟೆ ತುಂಬಿಸಿಕೊಂಡು ಸೂಪರ್ ಮಾರ್ಕೆಟ್ಟಿಗೆ ಹೋಗಿ. ಇದನ್ನೆಲ್ಲ ನಾನು ಹೇಳಬೇಕಾ? ನಿಮ್ಮ ಅಜ್ಜಿ ಮನೆಯಲ್ಲಿ ಫ್ಯಾನೇ ಇಲ್ಲದ ಕಾಲದಲ್ಲಿ ಹೇಳಿ ಮುಗಿಸಿದ್ದಾರೆ. ಹಾಗಾಗಿ ಟಿಪ್ಸ್ ಬೇಡ, ಜಗಳ ಕೇಳಿ.

ನಾವಿರುವುದು ಕುಮಟೆಯಲ್ಲಿ, ಹೈವೇ ಪಕ್ಕದ ಮೂರಂತಸ್ತಿನ ಕಟ್ಟಡದಲ್ಲಿ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಯಜಮಾನರಿಗೆ ಕಾರವಾರದಲ್ಲಿ ಆಫೀಸು. ಅತ್ತೆ ಮಿರ್ಜಾನದವರು. ರಸ್ತೆ ಅಗಲ ಮಾಡುವಾಗ ಅಲ್ಲಿ ಅವರ ಮನೆ ಉಳಿಯಿತು, ಅಂಗಳ ಹೋಯಿತು. ಬಾಗಿಲು ತೆರೆದರೆ ಲಾರಿ. "ಅಂಗಳ ಇಲ್ದೆ ಇದ್ದ ಮನೇಲಿ ನಾ ಎಂತ ಮಾಡೂದು?" ಅಂತ ನಮ್ಮ ಜೊತೆ ಬಂದುಬಿಟ್ಟರು.

ಬಂದವರಿಗೆ ಇಲ್ಲಿ ಹಿಡಿಸಿದ್ದು ಒಂದೇ ಜಾಗ, ಟೆರೇಸು. ಏಪ್ರಿಲ್ ಬಂತೆಂದರೆ ಅದು ಅತ್ತೆಯ ರಾಜ್ಯ. ಹಲಸಿನ ಹಪ್ಪಳ, ಕೊಬ್ಬರಿ, ಹುಣಸೆ, ಹೊನ್ನಾವರದ ಹತ್ತಿರದ ಕಾಸರಕೋಡಿನಿಂದ ತಂದ ಸಿಗಡಿ, ಎಲ್ಲ ಅಲ್ಲೇ ಒಣಗಿ ಡಬ್ಬಿ ಸೇರುತ್ತಿತ್ತು. ಸಂತೆಗುಳಿಯಿಂದ ನಾದಿನಿ ಒಂದು ಚೀಲ ಮುರುಗಲು ಹಣ್ಣು ಕಳಿಸುತ್ತಾಳೆ, ಅದೇ ಕಡುಗೆಂಪು ಕೋಕಂ. ಸಿಪ್ಪೆ ಬಿಡಿಸಿ, ಅದರದ್ದೇ ರಸದಲ್ಲಿ ಉಪ್ಪು ಹಾಕಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ, ಮತ್ತೆ ಒಣಗಿಸಬೇಕು. ವರ್ಷವಿಡೀ ನಮ್ಮ ಮನೆಯ ಸಾರಿಗೆ ಹುಳಿ ಅದೇ. ಬೀಜದ ತುಪ್ಪ ನನ್ನ ಹಿಮ್ಮಡಿ ಒಡಕಿಗೆ. (ಆ ಬಿಳಿ ಟ್ಯೂಬಿನ ಕ್ರೀಮು ನಾನು ಇವತ್ತಿನವರೆಗೆ ಕೊಂಡಿಲ್ಲ.) ಮಳೆಗಾಲದಲ್ಲಿ ತರಕಾರಿ ಮುಟ್ಟಿದರೆ ಕೈ ಸುಡುತ್ತದೆ, ಬೋಟು ಕಡಲಿಗೆ ಇಳಿಯುವುದಿಲ್ಲ. ಆಗ ಅತ್ತೆಯ ಡಬ್ಬಿಗಳೇ ನಮ್ಮನ್ನು ಸಾಕುವುದು.

ಈ ಮೇ ತಿಂಗಳಲ್ಲಿ ಮುರುಗಲು ಬಿಡಿಸಿ ಮುಗಿದಿತ್ತು. ಆ ದಿನವೇ ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜು. ಟೆರೇಸಿಗೆ ಬೀಗ ಹಾಕಲಾಗಿದೆ, ಇನ್ನು ಮುಂದೆ ಅಲ್ಲಿ ಏನನ್ನೂ ಒಣಗಿಸುವಂತಿಲ್ಲ, ಕಟ್ಟಡದ ಅಂದ ಕೆಡುತ್ತದೆ!

ಹಾಕಿದವರು ನಮ್ಮ ಸೆಕ್ರೆಟರಿಯವರು. ಹೆಸರು ಬರೆಯುವುದಿಲ್ಲ, ಅವರೂ ಈ ಅಂಕಣ ಓದುತ್ತಾರೆ. ಮುಂಬೈಯಲ್ಲಿ ನೌಕರಿ ಮುಗಿಸಿ ಊರಿಗೆ ಮರಳಿದವರು. ಮನೆಮಾತು ಕೊಂಕಣಿ, ಮನಸ್ಸು ಒಳ್ಳೆಯದು, ಆದರೆ ರೂಲ್ಸು ಅಂದರೆ ಪ್ರಾಣ. ಖಾಲಿ ಇರುವ ಫ್ಲ್ಯಾಟ್ ನೋಡಲು ಬಂದ ಯಾರೋ ಸಿಗಡಿ ವಾಸನೆಗೆ ಮೂಗು ಮುಚ್ಚಿಕೊಂಡರಂತೆ. ಅದಕ್ಕೇ ಈ ಬೀಗ.

ನಾನು ಹೋಗಿ ಕೇಳಿದೆ. "ಸರ್, ಸಿಗಡಿ ಬಿಡಿ. ಮುರುಗಲಿಗೆ ಎಂತ ವಾಸನೆ? ಅದಾದರೂ ಒಣಗಲಿ."

"ಟೀಚರೇ, ಇವತ್ತು ನಿಮಗೆ ಬಿಟ್ಟರೆ ನಾಳೆ ಎಲ್ಲರೂ ಕೇಳ್ತಾರೆ."

ಮನೆಗೆ ಬಂದು ಹೇಳಿದೆ, ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಬೆವರಲ್ಲ, ಕಣ್ಣೀರು. "ಬಿಸ್ಲಿಗೂ ಬೀಗ ಹಾಕ್ತಾರಾ? ನಾ ಇಲ್ಲಿ ಕೂತ್ಕಂಡು ಟಿವಿ ನೋಡೂಕೆ ಬಂದದ್ದಾ? ಅಲ್ಲಿ ಅಂಗಳ ಹೋಯ್ತು, ಇಲ್ಲಿ ಬೀಗ ಬಿತ್ತು. ಈ ಮುರುಗಲು ಕೊಳ್ತು ಹೋದ್ರೆ ನಾ ಮಿರ್ಜಾನಿಗೇ ಹೋಗೂದು, ಆತಾ?"

ಅತ್ತೆ ಸುಮ್ಮನೆ ಹೆದರಿಸುವವರಲ್ಲ. ಆಡಿದ್ದನ್ನು ಮಾಡಿಬಿಡುತ್ತಾರೆ. ನನಗೆ ನಿಜಕ್ಕೂ ದುಃಖವಾಯಿತು, ಅದರ ಬೆನ್ನಿಗೇ ಸಿಟ್ಟು ಬಂತು. ಮುರುಗಲು ಕಾಯುವುದಿಲ್ಲ, ಆಕಾಶದಲ್ಲಿ ಆಗಲೇ ಮೋಡ ಓಡಾಡುತ್ತಿತ್ತು.

ಆಗ ಕಣ್ಣಿಗೆ ಬಿದ್ದದ್ದು ಕಾರು. ಫ್ಲ್ಯಾಟ್ ಕೊಳ್ಳುವಾಗ ಮಾಡಿನ ಕೆಳಗಿನ ಪಾರ್ಕಿಂಗು ದುಬಾರಿ ಅಂತ ನಾವು ಬಯಲಿನ ಜಾಗ ತಗೊಂಡಿದ್ದೆವು. ಗೇಟಿನ ಪಕ್ಕದಲ್ಲೇ, ಹೈವೇಗೆ ಮುಖ ಮಾಡಿ. ಬೆಳಗಿನಿಂದ ಸಂಜೆವರೆಗೆ ರಣಬಿಸಿಲು. ಮುಟ್ಟಿ ನೋಡಿದೆ. ದೋಸೆ ಹುಯ್ಯಬಹುದಿತ್ತು.

ಬಾನೆಟ್ ಮೇಲೆ ದಪ್ಪ ಪ್ಲಾಸ್ಟಿಕ್ಕು, ಅದರ ಮೇಲೆ ಹಳೇ ಪಂಚೆ, ಅದರ ಮೇಲೆ ಮುರುಗಲು. ಯಜಮಾನರು ತಲೆ ಮೇಲೆ ಕೈ ಹೊತ್ತರು. "ಪೇಂಟ್ ಹೋಗ್ತದೆ ಮಾರಾಯ್ತಿ!"

"ಪೇಂಟ್ ಹೋದ್ರೆ ಹಚ್ಚಬಹುದು, ಅಮ್ಮ ಹೋದ್ರೆ ಯಾರು ಕರ್ಕೊಂಡು ಬರೋದು?" ಅಂದೆ. ಅವರು ಬೈಕ್ ಹತ್ತಿ ರೈಲ್ವೆ ಸ್ಟೇಶನ್ನಿಗೆ ಹೊರಟರು.

ಮಧ್ಯಾಹ್ನಕ್ಕೆ ಸೆಕ್ರೆಟರಿಯವರು ಬಂದರು. "ಇದು ಪಾರ್ಕಿಂಗ್ ಜಾಗ, ಟೀಚರೇ."

"ಹೌದು ಸರ್. ಕಾರು ಪಾರ್ಕ್ ಆಗಿದೆಯಲ್ಲ."

"ಅದರ ಮೇಲಿರೋದು?"

"ಕಾರಿನ ಮೇಲೆ ಏನಿರಬಾರದು ಅಂತ ಬೈಲಾದಲ್ಲಿ ಎಲ್ಲೂ ಬರೆದಿಲ್ಲ. ಓದಿದ್ದೇನೆ."

ಅವರ ಮುಖ ಮುರುಗಲು ಬಣ್ಣಕ್ಕೆ ತಿರುಗಿತು. "ಟೆರೇಸಿನ ಮೇಲಾದ್ರೆ ಯಾರಿಗೂ ಕಾಣ್ತಿರಲಿಲ್ಲ. ಇದು ಹೈವೇಗೇ ಕಾಣ್ತದಲ್ಲ! ಹೊರಗಿನವರು ಏನಂದ್ಕೊಳ್ಳಬೇಕು? ಅಂಗಡಿಯಿಂದ ತರೋ ಯೋಗ್ಯತೆ ಇಲ್ವಾ ಇವರಿಗೆ ಅಂತ ಅನ್ನೋದಿಲ್ವಾ?"

ನೋಡಿ, ಬಂತಲ್ಲ ನಿಜವಾದ ಮಾತು!

ನಿಮಗೊಂದು ಪ್ರಶ್ನೆ. ನೆಂಟರು ಬರುತ್ತಾರೆ ಅಂದಕೂಡಲೇ ನೀವು ಮನೆಯಲ್ಲಿ ಮೊದಲು ಏನನ್ನು ಬಚ್ಚಿಡುತ್ತೀರಿ? ತೊಳೆದು ನೇತುಹಾಕಿದ ಹಾಲಿನ ಪ್ಯಾಕೆಟ್ಟು. ಹೊಟ್ಟೆ ಸೀಳಿದ ಟೂತ್‌ಪೇಸ್ಟು. ಹೊಸ ಸೋಪಿನ ಬೆನ್ನಿಗೆ ಅಂಟಿಸಿದ ಹಳೇ ಸೋಪಿನ ಚೂರು. ತಲೆಕೆಳಗಾಗಿ ನಿಲ್ಲಿಸಿದ ಎಣ್ಣೆ ಬಾಟಲಿ. ಸರಿ, ಮೇಜಿನ ಮೇಲೆ ಎದ್ದು ಕಾಣುವ ಹಾಗೆ ಇಡುವುದು ಏನನ್ನು? ಇನ್ನೂ ಕಂತು ಮುಗಿಯದ ಫೋನನ್ನು! ಸಾಲ ತೋರಿಸಲಿಕ್ಕೆ ನಮಗೆ ನಾಚಿಕೆಯಿಲ್ಲ, ಉಳಿಸಿದ್ದನ್ನು ತೋರಿಸಲಿಕ್ಕೆ ನಾಚಿಕೆ. ಇದು ಯಾವ ಊರಿನ ಲೆಕ್ಕ? ನನ್ನ ಎಂಟನೇ ಕ್ಲಾಸಿನ ಮಕ್ಕಳು ಹೀಗೆ ಲೆಕ್ಕ ಮಾಡಿದರೆ ಕಿವಿ ಹಿಂಡುತ್ತಿದ್ದೆ. (ಈಗ ಹಿಂಡುವಂತಿಲ್ಲ, ಅದು ಬೇರೆ ವಿಷಯ.)

ನಮ್ಮ ಕಟ್ಟಡಕ್ಕೇ ಆನ್‌ಲೈನಿನಲ್ಲಿ ಒಣ ಮುರುಗಲು ಬರುತ್ತದೆ. ಚಂದದ ಪ್ಯಾಕೆಟ್ಟು, ಮೇಲೆ ಸೂರ್ಯನ ಚಿತ್ರ, 'ಬಿಸಿಲಿನಲ್ಲಿ ಒಣಗಿಸಿದ್ದು' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಆ ಬಿಸಿಲಿಗೆ ದುಡ್ಡು ಕೊಟ್ಟರೆ ಸ್ಟ್ಯಾಂಡರ್ಡು. ನಮ್ಮ ತಲೆ ಮೇಲೆ ಬಿಟ್ಟಿ ಸುರಿಯುವ ಬಿಸಿಲು ಮಾತ್ರ ಅಂದಗೇಡು! ಯೋಗ್ಯತೆಯ ಮಾತು ಬಂದ ಮೇಲಂತೂ ನಾನು ಹಿಂದೆ ಸರಿಯುವ ಪ್ರಶ್ನೆಯೇ ಇರಲಿಲ್ಲ.

ಮರುದಿನ ಮೇಲಿನ ಮಹಡಿಯ ಬಿಲ್ಕಿಸ್ ಬಂದಳು. ಭಟ್ಕಳದ ಹುಡುಗಿ, ಇಲ್ಲಿಗೆ ಸೊಸೆಯಾಗಿ ಬಂದವಳು. "ಟೀಚರ್, ನಮ್ಮ ಗಾಡಿ ಮೇಲೂ ಬಿಸಿಲು ಚಲೋ ಬೀಳ್ತದೆ. ನಾನೂ ಶಾವಿಗೆ ಹಾಕ್ಲಾ?" ಕೇಳಬೇಕಾ? ಸಂಜೆಯೊಳಗೆ ಅವಳ ಗಂಡನ ದೊಡ್ಡ ಬಿಳಿ ಗಾಡಿಯ ಮೇಲೆ ಶಾವಿಗೆ ಹರಡಿತ್ತು. ಸೆಕ್ರೆಟರಿಯವರು ನಮ್ಮಿಬ್ಬರ ಹತ್ತಿರವೂ ಮಾತು ಬಿಟ್ಟರು.

ಮುಂದಿನ ವಾರ ನಾನು ಹೊನ್ನಾವರದ ತಂಗಿ ಮನೆಗೆ ಹೋಗಬೇಕಾಯಿತು. ಕಾರಿಗೆ ಒಣಗಿಸುವ ಕೆಲಸ ಇದ್ದದ್ದರಿಂದ ಬಸ್ಸಿನಲ್ಲೇ ಹೋದೆ. (ಪೆಟ್ರೋಲೂ ಉಳಿಯಿತು, ಬರೆದುಕೊಳ್ಳಿ ಸಂಪಾದಕರೇ.) ವಾಪಸ್ ಬರುವಾಗ ಬಸ್ಸು ಸ್ಟ್ಯಾಂಡು ಬಿಟ್ಟಿತ್ತಷ್ಟೇ, ಕಡಲ ಕಡೆಯಿಂದ ಕಪ್ಪು ಮೋಡ ಎದ್ದಿತು.

ಅತ್ತೆಗೆ ಫೋನ್ ಮಾಡಿದೆ. ಎತ್ತಲಿಲ್ಲ, ಊಟವಾಗಿ ಮಲಗುವ ಹೊತ್ತು. ಬಿಲ್ಕಿಸ್ ಶಾವಿಗೆ ಡಬ್ಬಿಗೆ ತುಂಬಿಸಿ ತವರಿಗೆ ಹೋಗಿದ್ದಳು. ಯಜಮಾನರು ಕಾರವಾರದಲ್ಲಿ. ದಾರಿಯಲ್ಲೇ ಮಳೆ ಹಿಡಿಯಿತು. ಸುಮ್ಮನೆ ಹನಿಯಲ್ಲ, ಧೋ ಅಂತ. ಇನ್ನು ಅತ್ತೆ ಚೀಲ ಕಟ್ಟುವುದೇ ಅಂತ ನಾನು ಕಿಟಕಿಗೆ ತಲೆ ಇಟ್ಟು ಕೂತೆ.

ನೆನೆದುಕೊಂಡು ಗೇಟಿನೊಳಗೆ ಬಂದರೆ ಬಾನೆಟ್ ಖಾಲಿ! ಪಂಚೆಯೂ ಇಲ್ಲ, ಪ್ಲಾಸ್ಟಿಕ್ಕೂ ಇಲ್ಲ. ಅಸೋಸಿಯೇಷನ್ನಿನ ಬಿಳಿ ಟೈಲ್ಸಿನ ಮೇಲೆ ಮಾತ್ರ ಕೆಂಪು ಹನಿಗಳು. ಮೆಟ್ಟಿಲು ಹತ್ತಿ, ನಮ್ಮ ಮನೆ ಬಾಗಿಲು ದಾಟಿ, ಇನ್ನೂ ಮೇಲೆ ಹೋಗಿದ್ದವು. ಹಿಂದೆಯೇ ಹತ್ತಿದೆ.

ಮೆಟ್ಟಿಲು ಮುಗಿದಲ್ಲಿ, ಟೆರೇಸಿಗೆ ಕಾಲಿಡುವ ಮೊದಲು, ಶೀಟು ಹೊದಿಸಿದ ಒಂದು ಸಣ್ಣ ಕೋಣೆ ಇದೆ, ಗಾಳಿ ಚೆನ್ನಾಗಿ ಆಡುತ್ತದೆ. ಬೀಗ ಹಾಕಿದ್ದ ಅದರ ಬಾಗಿಲು ಈಗ ತೆರೆದಿತ್ತು. ಒಳಗೆ ಸೆಕ್ರೆಟರಿಯವರು ಲುಂಗಿ, ಬನಿಯನ್ನಿನಲ್ಲಿ ತೊಪ್ಪೆಯಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಬನಿಯನ್ ಪೂರ್ತಿ ಕೆಂಪು. ಪೇಪರು ಹಾಸಿ, ಅಂಟಿಕೊಂಡ ಮುರುಗಲು ಸಿಪ್ಪೆಗಳನ್ನು ಒಂದೊಂದಾಗಿ ಬಿಡಿಸಿ ಹಾಕುತ್ತಿದ್ದರು. ಮೆಟ್ಟಿಲ ಮೇಲೆ ಕೂತ ಅತ್ತೆಯದ್ದು ಮೇಲ್ವಿಚಾರಣೆ.

"ಒತ್ತೊತ್ತಿಗೆ ಹಾಕ್ಬೇಡಿ. ಗಾಳಿ ತಾಗೂಕೆ ಬೇಕಲ್ಲ."

"ಆತು ಆತು."

ಹನಿ ಬಿದ್ದದ್ದನ್ನು ಅವರು ಕಿಟಕಿಯಿಂದ ನೋಡಿದರಂತೆ. "ಪಾವ್ಸು ಆಯ್ಲೊ! ಪಾವ್ಸು ಆಯ್ಲೊ!" ಅಂತ ಕೂಗುತ್ತಾ ಕೆಳಗೆ ಓಡಿದರಂತೆ. ಮಳೆ ಬಂತು ಅನ್ನುವ ಆ ಕೂಗಿಗೇ ಅತ್ತೆಗೆ ಎಚ್ಚರವಾದದ್ದು. ನಮ್ಮ ಕಡೆ ಇದು ಹುಟ್ಟಿನಿಂದ ಬಂದದ್ದು. ಅಂಗಳದಲ್ಲಿ ಒಣ ಹಾಕಿದ್ದರ ಮೇಲೆ ಹನಿ ಬಿದ್ದರೆ, ಕಂಡವರು ಓಡಿ ಹೋಗಿ ಎತ್ತುತ್ತಾರೆ. ಯಾರದ್ದು ಅಂತ ಕೇಳುವುದಿಲ್ಲ. ಮಾತು ಬಿಟ್ಟವರ ಮೆಣಸನ್ನೂ ಎತ್ತಿ ಒಳಗಿಟ್ಟು, ಮತ್ತೆ ಮಾತಾಡದೆ ಹೋಗುತ್ತಾರೆ. ಮುಂಬೈಯಲ್ಲಿ ಅಷ್ಟು ವರ್ಷ ಇದ್ದರೂ ಇವರಿಗೆ ಅದು ಬಿಟ್ಟು ಹೋಗಿರಲಿಲ್ಲ. ನನಗೆ ಕಣ್ಣು ತುಂಬಿ ಬಂತು, ಮಳೆ ನೀರು ಅಂತ ಒರೆಸಿಕೊಂಡೆ.

"ತುಂಬಾ ಉಪಕಾರ ಆಯ್ತು ಸರ್."

"ಅದೆಲ್ಲ ಬೇಡ. ರೂಲ್ ರೂಲೇ. ನಾಳೆ ನೋಟೀಸು ಬರ್ತದೆ," ಅಂದರು. ತಲೆ ಎತ್ತದೆ ಇನ್ನೊಂದು ಸಿಪ್ಪೆ ಬಿಡಿಸಿದರು.

ಹೇಳಿದ ಹಾಗೆಯೇ ಬಂತು. ಮೊದಲ ಆಜ್ಞೆ ನಿಮಗೆ ಗೊತ್ತು. ಎರಡನೆಯದು, 'ಟೆರೇಸಿನ ಕೀಲಿಕೈಯನ್ನು ಕೂಡಲೇ ಮರಳಿಸತಕ್ಕದ್ದು.' ಬಾಗಿಲು ತೆರೆದ ಮೇಲೆ, ಮುರುಗಲಿನ ಗಂಟು ಹೊರಲು ಎರಡೂ ಕೈ ಬೇಕು ಅಂತ ಅವರು ಕೀಲಿಕೈಯನ್ನು ಅತ್ತೆಯ ಕೈಗೆ ಕೊಟ್ಟಿದ್ದರಂತೆ. ಅತ್ತೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಆ ಗಂಟು ಇನ್ನೂ ಬಿಚ್ಚಿಲ್ಲ.

ನೋಟೀಸನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿದೆ. "ಎಂತ ಉತ್ತರ ಬರೀಲಿ ಅತ್ತೆ?"

ಅವರು ಸೆರಗಿನ ಗಂಟನ್ನು ಮುಟ್ಟಿ ನೋಡಿಕೊಂಡರು. "ಒಂದು ಅಂಗಳ ಕೊಟ್ಟಾಯ್ತು, ಇನ್ನೊಂದು ಕೊಡೂದಿಲ್ಲ ಅಂತ ಬರಿ."

ಬರೆದಿದ್ದೇನೆ, ಸರ್.