ಪರದೆಯ ಹಿಂದಿನ ಕಿವಿ

ಆ ಬೀದಿಯಲ್ಲಿ ಎಲ್ಲರೂ ಆಕೆಯನ್ನು ಪೆಟ್ಟಿಗೆಯಮ್ಮ ಎನ್ನುತ್ತಿದ್ದರು. ಗಂಡ ಹಾರ್ಮೋನಿಯಂ ರಿಪೇರಿ ಮಾಡುವವನು, ಅದಕ್ಕೆ. ಆಕೆಯೂ ಪೆಟ್ಟಿಗೆಗೆ ಕೈ ಹಾಕುತ್ತಾಳೆಂದು ಯಾರಿಗೂ ತಿಳಿದಿರಲಿಲ್ಲ. ಮುಂದೆ ಬೀದಿಗೆ ಅಂಗಡಿ, ಹಿಂದೆ ಅಡುಗೆಮನೆ, ಎರಡರ ನಡುವೆ ಒಂದೇ ಕಿಟಕಿಯ ಕೋಣೆ. ಅಂಗಡಿಗೂ ಕೋಣೆಗೂ ಮಧ್ಯೆ ದಪ್ಪನೆಯ ಪರದೆ. ಆ ಪರದೆಯ ಒಳಗಡೆ ಆಕೆ ಇಪ್ಪತ್ತೆರಡು ವರ್ಷ ಕೂತಳು.

ಮದುವೆಯಾಗಿ ಬಂದಾಗ ಹಾರ್ಮೋನಿಯಂ ಎಂದರೆ ತಿದಿ ಒತ್ತಿದರೆ ಕೂಗುವ ಪೆಟ್ಟಿಗೆ, ಅಷ್ಟೇ ಗೊತ್ತಿತ್ತು. ಗಂಡ ಒಂದು ದಿನ ಮೇಲಿನ ಹಲಗೆ ಬಿಚ್ಚಿ ತೋರಿಸಿದ. ಸಾಲಾಗಿ ಹಿತ್ತಾಳೆಯ ರೀಡುಗಳು, ಒಂದೊಂದರಲ್ಲೂ ಕಡ್ಡಿಯಗಲದ ಒಂದು ನಾಲಿಗೆ. ಗಾಳಿ ತಾಗಿದರೆ ನಾಲಿಗೆ ನಡುಗುತ್ತದೆ, ನಡುಗಿದರೆ ದನಿ.

“ತುದಿ ಕೆರೆದ್ರೆ ದನಿ ಏರುತ್ತೆ, ಬುಡ ಕೆರೆದ್ರೆ ಇಳಿಯುತ್ತೆ. ಕೆರೆದದ್ದು ಮತ್ತೆ ಅಂಟಲ್ಲ. ಇಷ್ಟೇ ವಿದ್ಯೆ,” ಎಂದ.

ಅವನು ಹೊತ್ತು ಹೋಗಲೆಂದು ಹೇಳಿದ ಮಾತು ಅದು. ಆಕೆ ಗಟ್ಟಿಯಾಗಿ ಹಿಡಿದುಕೊಂಡಳು.

ಗಂಡನಿಗೆ ನಲವತ್ತೈದು ದಾಟಿದ ಮೇಲೆ ಒಂದೇ ಪೆಟ್ಟಿಗೆ ಮೂರು ಸಲ ವಾಪಸು ಬಂತು. ಮೂರನೆಯ ಸಲ ಅವನು ಅದನ್ನು ಕೋಣೆಯಲ್ಲಿಟ್ಟುಕೊಂಡು ಒಂದೇ ಕೀಲಿಯನ್ನು ಒತ್ತುತ್ತಿದ್ದ. ಆಕೆ ಅಡುಗೆಮನೆಯಿಂದಲೇ ಹೇಳಿದಳು, “ಮೇಲಿನ ‘ಸಾ’ದಲ್ಲಿ ಎರಡು ರೀಡೂ ಜಗಳ ಆಡ್ತಿವೆ ನೋಡಿ.”

ಅವನಿಗೆ ಕೇಳಿಸಲಿಲ್ಲ. ಆಕೆ ಎದುರಿಗೆ ಬಂದು ಮತ್ತೆ ಹೇಳಿದಳು. ಅವನು ಕೀಲಿ ಒತ್ತಿ, ಕಿವಿಯನ್ನು ಹಲಗೆಗೆ ತಾಗಿಸಿ, “ಎಲ್ಲಿ?” ಎಂದ. ಒಂದು ಸ್ವರಕ್ಕೆ ಎರಡು ರೀಡು ಇರುವ ಪೆಟ್ಟಿಗೆಯಲ್ಲಿ ಎರಡೂ ಒಂದಾಗದಿದ್ದರೆ ನಡುವೆ ಒಂದು ಅಲೆ ಏಳುತ್ತದೆ, ತೊಟ್ಟಿಲು ತೂಗಿದ ಹಾಗೆ. ಅಲೆ ನಿಂತರೆ ಶ್ರುತಿ ಕೂತಿತು ಅಂತ. ಆ ಅಲೆ ಬಾಗಿಲಾಚೆಗೂ ಕೇಳುತ್ತಿತ್ತು. ಮೂವತ್ತು ವರ್ಷ ಅದನ್ನೇ ಕೇಳಿ ಬಾಳಿದವನು “ಎಲ್ಲಿ?” ಎನ್ನುತ್ತಿದ್ದ.

ಅವತ್ತು ಆಕೆಯೇ ಅರ ಹಿಡಿದಳು. ನಾಲಿಗೆಯ ಕೆಳಗೆ ತೆಳು ತಗಡು ತೂರಿಸಿ, ಒಂದು ಸಲ ಕೆರೆದು, ಕೈಯ ಬಿಸಿ ಆರಲೆಂದು ಕಾದು, ಕೇಳಿ, ಮತ್ತೆ ಒಂದು ಸಲ. ಅಲೆ ನಿಂತಿತು. ಗಂಡ ಗೋಡೆ ನೋಡುತ್ತ ಕೂತಿದ್ದ.

“ಇದು ಈ ಕೋಣೆ ದಾಟಬಾರದು,” ಎಂದ. “ಕಿವುಡನ ಹತ್ತಿರ ಯಾರು ಪೆಟ್ಟಿಗೆ ತರ್ತಾರೆ? ನಾನು ಬದುಕಿದ್ದಾಗಲೂ ಹೇಳಬೇಡ, ಸತ್ತ ಮೇಲೂ ಹೇಳಬೇಡ. ನನ್ನಾಣೆ.”

ಆಕೆ ಆಣೆ ಇಟ್ಟಳು. ಮರದ ಕೆಲಸ, ತಿದಿಯ ಚರ್ಮ, ಸ್ಪ್ರಿಂಗು ಅವನದು. ರೀಡು ಆಕೆಯದು. ಗಿರಾಕಿ ಬಂದು ತೊಂದರೆ ಹೇಳಿದರೆ ಅವನು ಅವರ ತುಟಿ ನೋಡಿಕೊಂಡು ತಲೆಯಾಡಿಸುವನು, ಕೀಲಿಗಳನ್ನು ಒಂದೊಂದಾಗಿ ಒತ್ತುವನು. ಕೆಟ್ಟ ಸ್ವರ ಬಂದಾಗ ಪರದೆಯ ಅಂಚಿನಲ್ಲಿ ಆಕೆಯ ಬೆರಳು ಕಾಣುವುದು. ಒಂದು ಬೆರಳೆಂದರೆ ಏರಿದೆ, ಎರಡೆಂದರೆ ಇಳಿದಿದೆ. ಅವನು ಗಂಭೀರವಾಗಿ, “ಇದು ಸ್ವಲ್ಪ ಏರಿದೆ ಸ್ವಾಮಿ, ಎರಡು ದಿನ ಬಿಟ್ಟು ಬನ್ನಿ,” ಎನ್ನುವನು. ಗಿರಾಕಿ, “ಏನು ಕಿವಿ ನಿಮ್ದು,” ಎಂದು ಹೋಗುವನು.

ಆಕೆಗೆ ಹಾಡು ನುಡಿಸಲು ಬರುತ್ತಿರಲಿಲ್ಲ. ಒಂದೊಂದೇ ಸ್ವರ, ದಿನವಿಡೀ. ಮಳೆಗಾಲದಲ್ಲಿ ಮರ ಉಬ್ಬಿ ಕೀಲಿ ಕಚ್ಚುವುದು, ತಿದಿ ತೆರೆದಿಟ್ಟು ಮಲಗುವವರ ಪೆಟ್ಟಿಗೆಯಲ್ಲಿ ಜಿರಳೆ ಸಂಸಾರ ಹೂಡುವುದು, ಎಲ್ಲ ಗೊತ್ತಾಯಿತು. ಸಂಗೀತದ ಮೇಷ್ಟ್ರ ಪೆಟ್ಟಿಗೆ ಬಂದಾಗ ಇನ್ನೊಂದು ಗೊತ್ತಾಯಿತು. ಮೇಷ್ಟ್ರು ಅಂಗಡಿಯಲ್ಲಿ ಕೂತು ಹಾಡಿ ನೋಡುತ್ತಿದ್ದರು. ಗಾಂಧಾರದಲ್ಲಿ ಅವರ ಗಂಟಲು ಕೂದಲೆಳೆಯಷ್ಟು ಕೆಳಗೆ ಕೂರುತ್ತಿತ್ತು, ಅಲ್ಲೇ ಚಂದವಾಗಿಯೂ ಇತ್ತು. ಆಕೆ ಆ ರೀಡಿನ ಬುಡವನ್ನು ಒಂದು ಸಲ ಮೆಲ್ಲಗೆ ಕೆರೆದಳು. ಮೇಷ್ಟ್ರು ಬಂದು ನುಡಿಸಿ ಕಣ್ಣು ಒರೆಸಿಕೊಂಡರು. “ನನ್ನ ಗಂಟಲೊಳಗೆ ಇಳಿದು ನೋಡಿದ ಹಾಗಿದೆ,” ಎಂದು ಗಂಡನ ಕೈ ಹಿಡಿದುಕೊಂಡರು. ಪರದೆಯ ಹಿಂದೆ ಆಕೆ ಅರಕ್ಕೆ ಅಂಟಿದ ಹಿತ್ತಾಳೆ ಪುಡಿ ಒರೆಸುತ್ತಿದ್ದಳು.

ಅವತ್ತು ಮಾತ್ರ ಕೇಳಿದಳು, “ಒಂದ್ಸಲ ನನ್ನ ಹೆಸರೂ ಹೇಳಬಾರದಿತ್ತಾ?”

“ನಿನ್ನ ಹೆಸರು ಹೇಳಿದ್ರೆ ನನ್ನ ಕಿವಿಯ ಕಥೆ ಹೇಳಿದ ಹಾಗೆ,” ಎಂದ ಗಂಡ. ಆಕೆ ಮತ್ತೆ ಆ ಮಾತು ಎತ್ತಲಿಲ್ಲ.

ಎಂಟು ದಿನದ ಜ್ವರದಲ್ಲಿ ಗಂಡ ಹೋದ. ಅಂಗಡಿಗೆ ಮೈದುನ ಬಂದು ಕೂತ. ಅಲ್ಲಿಯವರೆಗೆ ಅವನು ಸಭೆಗಳಿಗೆ ಮೈಕು ಕಟ್ಟುತ್ತಿದ್ದವನು. ಮೊಬೈಲಿನಲ್ಲಿ ಶ್ರುತಿ ಸರಿಯೋ ತಪ್ಪೋ ಎಂದು ಮುಳ್ಳು ತೋರಿಸುವ ಏನೋ ಒಂದನ್ನು ಹಾಕಿಸಿಕೊಂಡು ಬಂದಿದ್ದ.

“ರೀಡಿನ ಕೆಲಸ ನನಗೆ ಬಿಡಪ್ಪ,” ಎಂದಳು ಆಕೆ.

“ನಿಮಗ್ಯಾಕೆ ಅತ್ತಿಗೆ ಈ ವಯಸ್ಸಲ್ಲಿ ಆ ಗೊಡವೆ? ಮುಳ್ಳು ನಡುವೆ ನಿಂತ್ರೆ ಸರಿ, ಅಷ್ಟೇ. ಕೋಣಕ್ಕೂ ಕಲಿಸಬಹುದು.”

“ಅದಕ್ಕೇ ಅಷ್ಟು ಬೇಗ ಕಲಿತೆ ನೀನು.”

ಮೈದುನ ನಕ್ಕ. ಅವನು ಕೆಟ್ಟವನಲ್ಲ, ಮಾತು ಕಿವಿಗೆ ಹಾಕಿಕೊಳ್ಳುವವನಲ್ಲ ಅಷ್ಟೇ. ಬರುವ ಸೋಮವಾರ ಒಳಕೋಣೆ ಖಾಲಿ ಮಾಡಿ ಹೊಸ ಕರೆಂಟಿನ ಕೀಬೋರ್ಡುಗಳನ್ನು ಅಲ್ಲಿಡುತ್ತೇನೆ ಎಂದ. ಆ ಕೋಣೆ ಹೋದರೆ ಆಕೆಗೆ ಉಳಿಯುವುದು ಅಡುಗೆಮನೆಯ ಹೊಸಿಲು. ಕೋಣೆ ಉಳಿಯಬೇಕಾದರೆ ಇಪ್ಪತ್ತೆರಡು ವರ್ಷ ಕೆಲಸ ಮಾಡಿದ್ದು ಯಾರೆಂದು ಹೇಳಬೇಕು. ಹೇಳಿದರೆ ಸತ್ತವನ ಕಿವಿಯ ಗುಟ್ಟು ಬೀದಿಗೆ ಬೀಳುತ್ತದೆ. ಮೂರು ದಿನ ಆಕೆ ಅಕ್ಕಿ ಆರಿಸುತ್ತ ಇದನ್ನೇ ತಿರುವಿ ಹಾಕಿದಳು. ಆಣೆಯೇ ಗೆದ್ದಿತು.

ಶನಿವಾರ ಬೆಳಗ್ಗೆ ಸಂಗೀತದ ಮೇಷ್ಟ್ರು ಪೆಟ್ಟಿಗೆ ಹೊರಿಸಿಕೊಂಡು ಬಂದರು. ಹಿಂದಿನ ವಾರ ಮೈದುನ ಅದನ್ನು ‘ಸರಿ’ ಮಾಡಿ ಕಳಿಸಿದ್ದ.

“ಏನಪ್ಪಾ ಇದು? ಗಾಂಧಾರ ನನ್ನನ್ನ ಕುತ್ತಿಗೆ ಹಿಡಿದು ಮೇಲಕ್ಕೆ ಎತ್ತುತ್ತೆ.”

“ಮುಳ್ಳು ನೋಡಿ ಮೇಷ್ಟ್ರೇ, ನಟ್ಟನಡುವೆ ನಿಂತಿದೆ. ಮೊದಲೇ ತಪ್ಪಿತ್ತು, ಈಗ ಸರಿ ಇದೆ.”

“ಹಾಗಾದ್ರೆ ತಪ್ಪಿರೋದು ನನ್ನ ಗಂಟಲು ಅನ್ನು. ಕುಯ್ದು ನಡುವೆ ನಿಲ್ಲಿಸು.” ಮೇಷ್ಟ್ರು ಪೆಟ್ಟಿಗೆಯ ಮೇಲೆ ಕೈಯಿಟ್ಟರು. “ಅಣ್ಣನ ವಿದ್ಯೆ ತಮ್ಮನಿಗೆ ಬರಲಿಲ್ಲ. ಇದನ್ನ ಗುಜರಿಗೆ ಹಾಕಬೇಕಷ್ಟೆ.”

ಆ ಮಾತಿಗೆ ಆಕೆ ಪರದೆ ಸರಿಸಿ ಹೊರಗೆ ಬಂದಳು.

“ಗುಜರಿಗೆ ಬೇಡ, ನಾನು ಕೂರಿಸಿಕೊಡ್ತೀನಿ. ಮೊದಲು ಕೂರಿಸಿದ್ದೂ ನಾನೇ. ಅವರಿಗೆ ಕಿವಿ ಕೇಳ್ತಿರಲಿಲ್ಲ ಮೇಷ್ಟ್ರೇ. ಇಪ್ಪತ್ತೆರಡು ವರ್ಷ.”

ಆಣೆ ಮುರಿದದ್ದಕ್ಕೆ ಏನಾದರೂ ಆಗುತ್ತದೆಂದು ಆಕೆ ಕಾದಳು. ಮೇಷ್ಟ್ರ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

“ಗೊತ್ತಮ್ಮ,” ಎಂದರು. “ನಮಗೆಲ್ಲ ಗೊತ್ತು. ಹತ್ತು ಹನ್ನೆರಡು ವರ್ಷದ ಹಿಂದೆ ನಮ್ಮ ಮನೆಗೆ ಬಂದಾಗ ಅವರೇ ಹೇಳಿದ್ರು. ‘ಕಿವಿ ಹೋಯ್ತು ಮೇಷ್ಟ್ರೇ, ಬೆರಳಿಗೆ ಬಂತು’ ಅಂತ. ರೀಡಿನ ನಡುಕ ಬೆರಳ ತುದೀಲೇ ಹಿಡೀತಿದ್ರಂತೆ. ಯಾರಿದ್ದಾರೆ ಹಾಗೆ? ನಾನು ಹೋದಲ್ಲೆಲ್ಲ ಹೇಳಿದ್ದೀನಿ.”

ಆಕೆ ಮೈದುನನ ಕಡೆ ನೋಡಿದಳು.

“ನನಗೂ ಹೇಳಿದ್ದ ಅಣ್ಣ,” ಎಂದ ಅವನು. “ನಿಮಗೆ ಹೇಳಿರಲಿಲ್ವಾ ಅತ್ತಿಗೆ?”

“ಮತ್ತೆ ಪೆಟ್ಟಿಗೆ ಒಳಗೆ ಯಾಕೆ ತರ್ತಿದ್ರು?” ಎಂದಳು ಆಕೆ.

“ಆ ಕೆಲಸ ಮಾಡೋವಾಗ ಒಬ್ಬರೇ ಇರಬೇಕು ಅಂತಿದ್ರು,” ಎಂದರು ಮೇಷ್ಟ್ರು, ದೇವರ ವಿಷಯ ಹೇಳುವವರ ದನಿಯಲ್ಲಿ.

ಆಕೆ ಗಂಡನ ಸ್ಟೂಲಿನ ಮೇಲೆ, ಬೀದಿಯ ಬೆಳಕಿನಲ್ಲಿ, ಮೊದಲ ಸಲ ಕೂತಳು. ಹಲಗೆ ಬಿಚ್ಚಿದಳು. ಗಾಂಧಾರದ ನಾಲಿಗೆಯ ತುದಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿತ್ತು. ಏರಿದ ದನಿ ಇಳಿಸಲು ಬುಡವನ್ನೂ ತೆಳು ಮಾಡಬೇಕು. ಇನ್ನೆರಡು ಸಲ ಕೆರೆದರೆ ಮುರಿದೇ ಹೋಗುತ್ತದೆ. ಒಂದೇ ಸಲ ಕೆರೆದಳು. ಕಾದಳು. ಕೇಳಿದಳು. ಉಸಿರು ಹಿಡಿದು ಇನ್ನರ್ಧ ಸಲ. ಕೂತಿತು. ದನಿ ಮೊದಲಿಗಿಂತ ಬಡವಾಗಿತ್ತು, ಆದರೆ ಜಾಗ ಅದೇ. ಮೇಷ್ಟ್ರು ಹಾಡಿದರು. ಹಾಡಿ ಕೈ ಮುಗಿದರು.

“ಬೆರಳ ವಿದ್ಯೆ ನಿಮಗೂ ಕೊಟ್ಟು ಹೋಗಿದ್ದಾರಲ್ಲ. ಪುಣ್ಯವಂತರು.”

“ಬೆರಳಲ್ಲ. ನಾನು ಕಿವೀಲಿ ಕೇಳಿದ್ದು.”

“ಇರಬಹುದು ತಾಯಿ, ಇರಬಹುದು,” ಎಂದರು ಮೇಷ್ಟ್ರು, ಹಟ ಮಾಡುವ ಕೂಸಿಗೆ ಹೇಳುವ ಹಾಗೆ.

ಕೋಣೆ ಉಳಿಯಿತು. ಮೈದುನ ಕೀಬೋರ್ಡುಗಳನ್ನು ಅಂಗಡಿಯ ಅಟ್ಟಕ್ಕೆ ಏರಿಸಿದ. ಬಂದ ಗಿರಾಕಿಗಳಿಗೆಲ್ಲ, “ನಮ್ಮಣ್ಣನ ಬೆರಳ ವಿದ್ಯೆ ಈಗ ಅತ್ತಿಗೆ ಕೈಯಲ್ಲಿದೆ,” ಎನ್ನುತ್ತಿದ್ದ. ಪರದೆಯ ಹಿಂದೆ ಆಕೆ ಎಲ್ಲವನ್ನೂ ಕೇಳಿಸಿಕೊಂಡಳು. ಗಂಡನ ಮೇಲೆ ಸಿಟ್ಟು ಮಾಡೋಣವೆಂದರೆ ಜಗಳಕ್ಕೆ ಅವನಿಲ್ಲ. ಗುಟ್ಟು ಕಾಯಲು ಕೂರಿಸಿದ್ದು ಆಕೆಯೊಬ್ಬಳನ್ನೇ. ಕಿವುಡು ಎಲ್ಲರಿಗೂ ಗೊತ್ತಿತ್ತು, ಕಾಯುವಂಥದ್ದು ಹೊರಗೆ ಏನೂ ಇರಲಿಲ್ಲ.

ಬುಧವಾರ ಮೈದುನ ಎರಡು ಪೆಟ್ಟಿಗೆ ತಂದು ಕೋಣೆಯಲ್ಲಿಟ್ಟ.

“ನನಗೆ ಕಿವಿ ಕೇಳಲ್ಲಪ್ಪ ಈಗ,” ಎಂದಳು ಆಕೆ.

“ಯಾವಾಗಿಂದ ಅತ್ತಿಗೆ?”

“ಶನಿವಾರದಿಂದ.”

“ಅದಕ್ಕೇನು, ಬೆರಳಿದೆಯಲ್ಲ.”

“ಅದು ನಿಮ್ಮಣ್ಣನ ಜೊತೆ ಹೋಯ್ತು.”

ಅವನು ತಮಾಷೆಯೆಂದುಕೊಂಡು ಎರಡು ದಿನ ಕಾದ. ಆಮೇಲೆ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋಗಿ, ಅಟ್ಟದ ಮೇಲಿದ್ದದ್ದನ್ನೆಲ್ಲ ಇಳಿಸಿ ಕೋಣೆಗೆ ತುಂಬಿದ. ಆಕೆ ಅಡುಗೆಮನೆಯ ಹೊಸಿಲ ಮೇಲೆ ಮೊರ ಇಟ್ಟುಕೊಂಡು ಕೂತಳು. ಅಂಗಡಿಯಲ್ಲಿ ಮೈದುನ ಮುಳ್ಳು ನೋಡಿಕೊಂಡು ಕೆರೆಯುತ್ತಿದ್ದ. ಮಧ್ಯಸ್ಥಾಯಿಯ ಪಂಚಮ. ಅದು ಆಗಲೇ ಕೂತಿತ್ತು. ಆಮೇಲೂ ಅವನು ಮೂರು ಸಲ ಕೆರೆದ. ನಾಲ್ಕನೆಯ ಸಲಕ್ಕೆ ನಾಲಿಗೆ ಟಿಕ್ಕೆಂದು ಮುರಿದದ್ದು ಆಕೆಗೆ ಸ್ಪಷ್ಟವಾಗಿ ಕೇಳಿಸಿತು. ಆಕೆ ಅಕ್ಕಿಯಿಂದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು.