ಟ್ರೌಟ್ ಇಲ್ಲದ ನದಿ

ಗೋವಾದ ಫೋಂಡಾದಲ್ಲಿ ಒಂದು ಲೇತ್ ವರ್ಕ್‌ಶಾಪಿನಲ್ಲಿ ನಾನು ಟರ್ನರ್ ಆಗಿದ್ದೆ. ಇಸವಿ ಎರಡು ಸಾವಿರದ ಆರೋ ಏಳೋ ಇರಬೇಕು. ಒಂದು ಬೆಳಿಗ್ಗೆ ಮಾಲೀಕರು ಕರವಸ್ತ್ರದಲ್ಲಿ ಸುತ್ತಿದ ಹಿತ್ತಾಳೆಯ ವಸ್ತುವೊಂದನ್ನು ತಂದು ನನ್ನ ಮಷಿನ್ನಿನ ಮೇಲಿಟ್ಟರು. ಅದು ಮೀನು ಹಿಡಿಯುವ ಕೋಲಿಗೆ ಹಾಕುವ ರೀಲು, ಒಳಗಿನ ಅಚ್ಚು ಸವೆದಿತ್ತು. ಹೊಸದನ್ನು ಕಡೆದು ಕೊಟ್ಟೆ. ತಿರುಗಿಸಿ ನೋಡಿದರು, ಕಿವಿಯ ಹತ್ತಿರ ಹಿಡಿದು ಮತ್ತೊಮ್ಮೆ ತಿರುಗಿಸಿದರು.

"ಶುಕ್ರವಾರ ಮೀನ ಹಿಡಿಯಾಕ ನದಿಗೆ ಹೊಂಟೇನಿ, ರಾತ್ರಿ ಅಲ್ಲೇ ಮಲಗೂದು. ನೀನೂ ಬಾ. ಇದು ಮತ್ತ ಮುರದ್ರ ಯಾರು ಮಾಡವ್ರು?" ಅಂದರು.

ನದಿಯ ದಂಡೆಯಲ್ಲಿ ಲೇತ್ ಇರುವುದಿಲ್ಲ ಎಂದು ನಾನು ಹೇಳಲಿಲ್ಲ.

ಅವರನ್ನು ನಾವೆಲ್ಲ ಪಾತ್ರಾಂವ್ ಅನ್ನುತ್ತಿದ್ದೆವು. ಗೋವಾದಲ್ಲಿ ಯಜಮಾನರನ್ನು ಕರೆಯುವುದೇ ಹಾಗೆ. ವಯಸ್ಸು ಎಪ್ಪತ್ತರ ಹತ್ತಿರ, ಹೆಂಡತಿ ತೀರಿಕೊಂಡಿದ್ದರು. ಹರೆಯದಲ್ಲಿ ಆಫ್ರಿಕಾಕ್ಕೆ ಹೋಗಿ ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದವರು. ಅಲ್ಲಿನ ಬೆಟ್ಟದ ನದಿಗಳಲ್ಲಿ ಟ್ರೌಟ್ ಎಂಬ ಮೀನು ಹಿಡಿಯಲು ಕಲಿತು, ಕೋಲಿನ ಸಮೇತ ಊರಿಗೆ ಮರಳಿದ್ದರು. ಮೂವತ್ತು ವರ್ಷ ಬಿಜಾಪುರ, ಬಾಗಲಕೋಟೆ ಕಡೆಯ ಕೆಲಸಗಾರರ ಜೊತೆ ಕಳೆದು ನಮ್ಮ ಕನ್ನಡವನ್ನೇ ಕಲಿತಿದ್ದರು. ಅದರಲ್ಲಿ 'ರೀ' ಒಂದು ಇರಲಿಲ್ಲ. ಕಲಿಸಿದವರನ್ನು ಅವರು ರೀ ಅನ್ನಬೇಕಾದ ಪ್ರಸಂಗ ಬಂದಿರಲಿಲ್ಲ.

ತೊಂದರೆ ಇದ್ದದ್ದು ನಮ್ಮ ಮನೆಯಲ್ಲಿ. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ. ಗೋವಾಕ್ಕೆ ಬಂದು ಎಂಟು ವರ್ಷವಾಗಿದ್ದರೂ ನಾನು ಮೀನನ್ನು ಮುಟ್ಟಿರಲಿಲ್ಲ. ಮೀನಿನ ಬುಟ್ಟಿ ಓಣಿಗೆ ಬಂದರೆ ಅವ್ವ ಬಾಗಿಲು ಮುಂದೆ ಮಾಡುತ್ತಿದ್ದಳು. ಬುಟ್ಟಿ ದಿನಾ ಬರುತ್ತಿತ್ತು, ಅವ್ವ ದಿನಾ ಬಾಗಿಲು ಮುಂದೆ ಮಾಡುತ್ತಿದ್ದಳು.

ಗುರುವಾರ ಸಂಜೆ ಪಾತ್ರಾಂವ್ ತಾವೇ ನಮ್ಮ ಬಾಡಿಗೆ ಮನೆಗೆ ಬಂದರು. ಅವ್ವ ಚಹಾ ಕೊಟ್ಟಳು.

"ತಿನ್ನಾಕಲ್ಲ ತಾಯಿ. ಹಿಡದು ಬಿಡತೇವಿ."

"ಬಿಡೂದಿದ್ರ ಯಾಕ ಹಿಡೀತೀರಿ, ಸಾಹೇಬ್ರ?"

ಅವರು ಚಹಾ ಮುಗಿಸಿದರು. ಜೇಬಿನಿಂದ ಒಂದು ಸಣ್ಣ ಡಬ್ಬಿ ತೆಗೆದರು. ಅದರಲ್ಲಿ ಗಾಳದ ಕೊಂಡಿಗಳಿಗೆ ದಾರ ಸುತ್ತಿ, ಪುಕ್ಕ ಕಟ್ಟಿ ಮಾಡಿದ ನೊಣಗಳು ಸಾಲಾಗಿ ಕುಳಿತಿದ್ದವು. ನೀರಿನ ಮೇಲೆ ಇದನ್ನು ಬೀಸಿದರೆ ಮೀನು ನಿಜವಾದ ನೊಣವೆಂದು ಮೋಸ ಹೋಗುತ್ತದೆ.

"ನೋಡು ತಾಯಿ, ಹುಳಾನೂ ಕೊಲ್ಲೂದಿಲ್ಲ. ಬರೇ ಕೋಳಿ ಪುಕ್ಕ."

"ಇದರಾಗ ಕೋಳೀದೂ ಐತಿ?" ಅಂದಳು ಅವ್ವ.

ಕೊನೆಗೆ ಅವಳು ಒಪ್ಪಿದ್ದು ಬೇರೆ ಕಾರಣಕ್ಕೆ. "ವಯಸ್ಸಾದವ್ರು ಒಬ್ಬರ ಅಡವ್ಯಾಗ ಮಲಗೂದು ಚಲೋ ಅಲ್ಲ. ಜೋಡಿಗೆ ಹೋಗು. ಮೀನ ಮಾತ್ರ ನೀ ಮುಟ್ಟಬ್ಯಾಡ." ಹತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು. ಮೊದಲ ಮಧ್ಯಾಹ್ನವೇ ಅವುಗಳಲ್ಲಿ ಏಳನ್ನು ಪಾತ್ರಾಂವ್ ತಿಂದರು.

ಅವರ ಹಳೆಯ ವ್ಯಾನಿನಲ್ಲಿ ಘಟ್ಟದ ಬುಡಕ್ಕೆ ಹೋಗಿ, ಪರಿಚಯದವರ ಗೇರು ತೋಟದಂಚಿಗೆ ಡೇರೆ ಹಾಕಿದೆವು. ಎದುರಿಗೆ ನದಿ. ಡಿಸೆಂಬರ್ ಆದ್ದರಿಂದ ನೀರು ತಿಳಿಯಾಗಿ, ತಳದ ಕಲ್ಲುಗಳೆಲ್ಲ ಕಾಣುತ್ತಿದ್ದವು. ಪಾತ್ರಾಂವ್ ಮೊಳಕಾಲ ಮಟ್ಟ ನೀರಿಗಿಳಿದು ಕೋಲು ಬೀಸಿದರು. ದಾರ ಹಿಂದಕ್ಕೆ ಹೋಗಿ, ಅಲ್ಲೊಂದು ಗಳಿಗೆ ನಿಂತು, ಮುಂದೆ ಬಂದು ಸದ್ದಿಲ್ಲದೆ ನೀರಿನ ಮೇಲೆ ಮಲಗಿತು. ನಾನು ಬೀಸಿದಾಗ ಅದೇ ದಾರ ನನ್ನ ಅಂಗಿಯನ್ನು ಹಿಡಿಯಿತು. ಆಮೇಲೆ ಗೇರು ಮರವನ್ನು, ಒಮ್ಮೆ ಡೇರೆಯನ್ನು.

ಅವರಿಗೆ ಮೀನುಗಳು ಬಿದ್ದವು. ಗೇಣುದ್ದದ ಬೆಳ್ಳಿ ಬಣ್ಣದವು. ಪ್ರತಿಯೊಂದನ್ನೂ ತಿರುಗಿಸಿ ನೋಡಿ, "ಇದು ಟ್ರೌಟ್ ಅಲ್ಲ," ಎಂದು ನೀರಿಗೆ ಬಿಡುತ್ತಿದ್ದರು. ಕಳೆದುಹೋದ ಎಮ್ಮೆಯನ್ನು ಬೇರೆಯವರ ಹಿಂಡಿನಲ್ಲಿ ಹುಡುಕುವವರ ಹಾಗೆ ಕಾಣುತ್ತಿತ್ತು. ನಾಳೆಯಾದರೂ ಸಿಗಲಿ ಎಂದು ಆ ರಾತ್ರಿ ನಾನು ಮನಸ್ಸಿನಲ್ಲೇ ಬೇಡಿಕೊಂಡು ಮಲಗಿದೆ. ಮರುದಿನ ಏಳನೆಯ ಮೀನನ್ನೂ ಬಿಟ್ಟ ಮೇಲೆ ಕೇಳಿದೆ.

"ಟ್ರೌಟ್ ಇನ್ನೂ ಮ್ಯಾಲ ಇರತಾವೇನ್ರಿ?"

"ಈ ನದ್ಯಾಗ ಟ್ರೌಟ್ ಇಲ್ಲ."

"ಮತ್ತ ಯಾವ ನದ್ಯಾಗ ಅದಾವ್ರಿ?"

"ಗೋವಾದಾಗ ಎಲ್ಲೂ ಇಲ್ಲ. ಅದಕ್ಕ ಥಂಡಿ ನೀರು ಬೇಕು."

ಅಷ್ಟು ಹೇಳಿ ಕೋಲನ್ನು ನನ್ನ ಕೈಗೆ ಕೊಟ್ಟರು. ನೀರಿಗಿಳಿದು ಬೀಸಿದೆ. ಮೊದಲ ಸಲ ದಾರ ಹೋಗಬೇಕಾದ ಕಡೆಗೆ ಹೋಯಿತು. ಎರಡು ಬಂಡೆಗಳ ನಡುವಿನ ಮಡುವಿನಲ್ಲಿ ಪುಕ್ಕದ ನೊಣ ತೇಲಿ, ತಟ್ಟನೆ ಮಾಯವಾಯಿತು. ಕೋಲು ಬಿಲ್ಲಿನಂತೆ ಬಾಗಿತು. ನಾನು ಕಡೆದ ಅಚ್ಚಿನ ಮೇಲೆ ರೀಲು ಕಿರ್ರನೆ ತಿರುಗಿತು.

"ಎಳೀಬ್ಯಾಡ! ಹೋಗಾಕ ಬಿಡು!" ಎಂದು ಪಾತ್ರಾಂವ್ ನನ್ನ ಕಡೆಗೆ ಧಾವಿಸಿದರು. ಪಾಚಿಗಟ್ಟಿದ ಕಲ್ಲಿನ ಮೇಲೆ ಕಾಲಿಟ್ಟು, ಟೊಪ್ಪಿಗೆಯ ಸಮೇತ ನೀರಿಗೆ ಬಿದ್ದರು. ಸೆಳವು ಅವರನ್ನು ಆಳದ ಕಡೆಗೆ ಜಗ್ಗತೊಡಗಿತು. ನೀರಿನಿಂದ ಬಾಯಿ ಮೇಲೆ ಬಂದಾಗ ಅವರು ಕೂಗಿದ್ದು, "ಕೋಲು ಬಿಡಬ್ಯಾಡ!"

ಬಿಟ್ಟೆ. ಅವರ ಬೆಲ್ಟಿಗೆ ಕೈ ಹಾಕಿ ದಂಡೆಗೆ ಎಳೆದುಕೊಂಡು ಬಂದೆ. ಬಲಗಾಲಿನ ಹಿಮ್ಮಡಿ ಆಗಲೇ ಬಾತಿತ್ತು. ಅವರು ಕೆಮ್ಮುವುದನ್ನು ಮುಗಿಸಿ, ಖಾಲಿ ನದಿಯನ್ನು ನೋಡಿದರು. "ನಲವತ್ತು ವರ್ಷದ ಕೋಲು," ಅಂದರು. ನನಗೆ ತಪ್ಪು ಮಾಡಿದೆ ಅನ್ನಿಸಿತು, ಆದರೆ ಏನು ತಪ್ಪೆಂದು ಹೊಳೆಯಲಿಲ್ಲ.

ಅವರನ್ನು ಮರಕ್ಕೆ ಒರಗಿಸಿ, ನದಿಯ ಕೆಳಗೆ ಹುಡುಕುತ್ತ ಹೋದೆ. ನೂರು ಹೆಜ್ಜೆ ದೂರದಲ್ಲಿ ಕೋಲು ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡಿತ್ತು. ಹಿಡಿದು ಎತ್ತಿದರೆ ಆ ಕಡೆಯಿಂದಲೂ ಯಾರೋ ಹಿಡಿದಿದ್ದರು.

"ಮೀನ ಇನ್ನೂ ಐತ್ರೀ!"

ಅವರು ಎದ್ದು ನಿಲ್ಲಲು ನೋಡಿ, ಕುಸಿದರು. ನಾನು ಅವರಿಗೆ ಕಾಣುತ್ತಿದ್ದೆ, ನೀರಿನೊಳಗಿನದು ಕಾಣುತ್ತಿರಲಿಲ್ಲ. ಅಲ್ಲಿಂದಲೇ ಕೂಗಿ ಕೂಗಿ ಹೇಳಿದರು. ಸುತ್ತು. ನಿಲ್ಲು. ಬಿಡು. ಮತ್ತ ಸುತ್ತು. ಬಹಳ ಹೊತ್ತಿನ ಮೇಲೆ ಮೀನು ದಣಿದು ನನ್ನ ಕಾಲ ಹತ್ತಿರ ಬಂತು. ತೋಳುದ್ದ ಇತ್ತು. ಮೈಮೇಲಿನ ಒಂದೊಂದು ಹುರುಪೆಯೂ ರೂಪಾಯಿ ನಾಣ್ಯದಷ್ಟು ದೊಡ್ಡದು.

"ಕೈ ತೋಯಿಸ್ಕೊಂಡು ಹಿಡಿ! ಕೊಂಡಿ ಬಿಚ್ಚು!"

ಅವ್ವನ ಮಾತು ನೆನಪಾಯಿತು. ಆದರೆ ಕೊಂಡಿ ಬಿಚ್ಚದೆ ಬಿಟ್ಟರೆ ಮೀನು ಸಾಯುತ್ತದೆ. ಹಿಡಿದೆ. ತಣ್ಣಗಿತ್ತು, ಮೆತ್ತಗಿರಬಹುದು ಅಂದುಕೊಂಡಿದ್ದೆ, ಗಟ್ಟಿಯಾಗಿತ್ತು. ತುಟಿಯಿಂದ ಕೊಂಡಿ ಸುಲಭವಾಗಿ ಕಳಚಿತು. ಸೆಳವಿಗೆ ಮುಖ ಮಾಡಿ ಹಿಡಿ ಎಂದು ಕೂಗಿದರು, ಹಾಗೇ ಹಿಡಿದು ನಿಂತೆ. ಅದರ ಕಿವಿರು ತೆರೆದು ಮುಚ್ಚುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. ನನಗೆ ಯಾಕೋ ಅಳು ಬಂದಂತಾಯಿತು. ಅಷ್ಟರಲ್ಲಿ ಬಾಲದಿಂದ ನನ್ನ ಮುಖಕ್ಕೆ ನೀರು ಹೊಡೆದು ಹೋಗಿಬಿಟ್ಟಿತು.

"ಮೈಮ್ಯಾಲ ಚುಕ್ಕಿ ಇದ್ದವೇನು?" ಅಂತ ಕೇಳಿದರು, ನಾನು ಕೋಲು ತಂದುಕೊಟ್ಟಾಗ.

"ಇರಲಿಲ್ರಿ."

"ಖರೇ ಹೇಳು."

"ಖರೇನ ರೀ. ಒಂದೂ ಇರಲಿಲ್ಲ."

"ಹಂಗಾರ ಟ್ರೌಟ್ ಅಲ್ಲ," ಅಂದರು. ಆದರೂ ಅದು ಎಷ್ಟುದ್ದವಿತ್ತೆಂದು ಮೂರು ಸಲ ತೋರಿಸಲು ಹೇಳಿದರು.

ನನಗೆ ವ್ಯಾನು ಓಡಿಸಲು ಸರಿಯಾಗಿ ಬರುತ್ತಿರಲಿಲ್ಲ. ಎರಡನೇ ಗಿಯರಿನಲ್ಲೇ ಫೋಂಡಾ ಮುಟ್ಟಿದೆವು. ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿದರು. ಮನೆಗೆ ಬಂದು ಅವ್ವನಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ.

"ನೀರಾಗ ಮುಟ್ಟಿದ್ಯೋ, ಹೊರಗ ತಗದು ಮುಟ್ಟಿದ್ಯೋ?"

"ನೀರಾಗ."

ಹಂಡೆಯಲ್ಲಿ ನೀರು ಕಾಯಲು ಇಟ್ಟಳು. "ಜಳಕಾ ಮಾಡು," ಅಂದಳು. ಆ ವಿಷಯ ಅಲ್ಲಿಗೆ ಮುಗಿಯಿತು.

ಪ್ಲಾಸ್ಟರ್ ತೆಗೆದ ಮೇಲೂ ಪಾತ್ರಾಂವ್‌ಗೆ ಹರಿಯುವ ನೀರಿನಲ್ಲಿ ನಿಲ್ಲಲು ಆಗಲಿಲ್ಲ. ಮುಂದಿನ ಚಳಿಗಾಲ ವರ್ಕ್‌ಶಾಪಿನ ಪ್ಲಾಸ್ಟಿಕ್ ಕುರ್ಚಿಯೊಂದನ್ನು ವ್ಯಾನಿಗೆ ಹಾಕಿಕೊಂಡು ಹೋದೆವು. ಅದನ್ನು ನದಿಯಲ್ಲಿ ಇಟ್ಟು, ಅವರನ್ನು ಹೊತ್ತು ತಂದು ಕೂರಿಸಿದೆ. ಕುಳಿತೇ ಬೀಸಿದರು, ದಾರ ಮೊದಲಿನಷ್ಟೇ ಚೆನ್ನಾಗಿ ಹೋಯಿತು. ಕುರ್ಚಿಯ ಕಾಲುಗಳು ಉಸುಕಿನಲ್ಲಿ ಹೂಳುತ್ತಿದ್ದುದರಿಂದ ಅರ್ಧ ಗಂಟೆಗೊಮ್ಮೆ ಅವರನ್ನು ಎಬ್ಬಿಸಿ, ಕುರ್ಚಿ ಕಿತ್ತು, ಪಕ್ಕಕ್ಕೆ ಇಡುತ್ತಿದ್ದೆ.